ಸಂಪಾದಕರ ಉತ್ತರ: ಗೇಮಿನ ದೋಷವನ್ನು ತೂಗುವುದು ಹೇಗೆ?

ಓದುಗರೊಬ್ಬರ ಪತ್ರದ ಸಾರ: ‘ಬ್ರೆತ್ ಆಫ್ ದ ವೈಲ್ಡ್, ವಿಚರ್ 3, ಡಾರ್ಕ್ ಸೋಲ್ಸ್, ಸ್ಟಾರ್‌ಡ್ಯೂ ವ್ಯಾಲಿ, ಸೆಲೆಸ್ಟ್ ಈ ಐದು ವಿಡಿಯೋ ಗೇಮ್‌ಗಳಿಗೂ ನೀವು ಹೆಚ್ಚೂಕಡಿಮೆ ಒಂದೇ ಅಂಕ ಕೊಟ್ಟಿದ್ದೀರಿ. ಒಂದರಲ್ಲಿ ಕತ್ತಿ ಮುರಿಯುತ್ತದೆ, ಒಂದರಲ್ಲಿ ಹೊಡೆದಾಟ ಸಪ್ಪೆ, ಇನ್ನೊಂದನ್ನು ನಡುವೆ ತಡೆದು ನಿಲ್ಲಿಸುವಂತೆಯೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಇವನ್ನೆಲ್ಲ ತೂಗುವುದು ಹೇಗೆ? ದಿನಕ್ಕೆ ಒಂದೇ ಗಂಟೆ ಆಡುವ ನನ್ನಂಥವರು ಯಾವುದನ್ನು ಮೊದಲು ಹಿಡಿಯಬೇಕು?’

ದೋಷ ಕಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ತೆಗೆದರೆ ಇದರ ಜೊತೆಗೆ ಗೇಮಿನ ಯಾವ ಗುಣ ಹೋಗುತ್ತದೆ? ಏನೂ ಹೋಗದಿದ್ದರೆ ಅದು ಕೆಲಸದ ಕೊರತೆ, ಅಂಕ ಕಳೆಯಲೇಬೇಕು. ಏನಾದರೂ ಹೋಗುವುದಾದರೆ ಆ ದೋಷವೇ ಆ ಗುಣಕ್ಕೆ ತೆರುವ ಬೆಲೆ. ತೆರಬೇಕೋ ಬೇಡವೋ ಎಂಬುದು ಆಡುವವರಿಗೆ ಬಿಟ್ಟದ್ದು, ನಮ್ಮ ಅಂಕ ಅದನ್ನು ಹೇಳಲಾರದು.

2017ರ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಎರಡು ಬಗೆಯ ದೋಷವೂ ಸಿಗುತ್ತದೆ. ಕತ್ತಿ ಮುರಿಯುವುದನ್ನೇ ನೋಡಿ. ಮುರಿಯದ ಒಳ್ಳೆಯ ಕತ್ತಿ ಒಂದು ಕೈಗೆ ಸಿಕ್ಕಿತೆಂದರೆ ಮುಂದಿನ ಪೆಟ್ಟಿಗೆಗಳಲ್ಲಿ ಏನಿದ್ದರೂ ಬೇಕಿಲ್ಲ, ಶತ್ರುಗಳ ಬಿಡಾರದ ಮೇಲೆ ದಾಳಿ ಮಾಡಲು ಕಾರಣವೂ ಉಳಿಯುವುದಿಲ್ಲ. ಕತ್ತಿ ಸವೆಯುವುದರಿಂದಲೇ ನೀವು ಬಂಡೆ ಉರುಳಿಸುತ್ತೀರಿ, ಒಣಹುಲ್ಲಿಗೆ ಬೆಂಕಿ ಹಚ್ಚಿ ಮೇಲೇಳುವ ಬಿಸಿಗಾಳಿಯಲ್ಲಿ ಹಾರುತ್ತೀರಿ, ಗುಡುಗು ಮಳೆಯಲ್ಲಿ ಲೋಹದ ಆಯುಧವನ್ನು ಶತ್ರುವಿನ ಕಾಲಬುಡಕ್ಕೆ ಎಸೆದು ಸಿಡಿಲು ಬೀಳಿಸುತ್ತೀರಿ. ಹೊಸಬರು ಎಡವುವುದು ಒಳ್ಳೆಯದನ್ನೆಲ್ಲ ಕೂಡಿಟ್ಟುಕೊಂಡು ಕೂರುವುದರಲ್ಲಿ. ಆಯುಧದ ಚಿತ್ರ ಕೆಂಪಗೆ ಮಿನುಗಿದರೆ ಮುರಿಯುವ ಹೊತ್ತು ಬಂತೆಂದು ಅರ್ಥ. ಆಗ ಬೀಸಬೇಡಿ, ಎಸೆಯಿರಿ: ತಗುಲಿ ಮುರಿಯುವಾಗ ಇಮ್ಮಡಿ ಪೆಟ್ಟು ಬೀಳುತ್ತದೆ. ಲೋಕದಲ್ಲಿ ಅಲ್ಲಲ್ಲಿ ಅಡಗಿರುವ ಕೊರೊಕ್ ಬೀಜಗಳು ಸಿಕ್ಕರೆ ಹೆಸ್ಟು ಎಂಬ ಪಾತ್ರಕ್ಕೆ ಕೊಟ್ಟು ಮೊದಲು ಆಯುಧದ ಜಾಗವನ್ನೇ ಹೆಚ್ಚಿಸಿಕೊಳ್ಳಿ, ಬಿಲ್ಲು ಗುರಾಣಿಗಳ ಸರದಿ ಆಮೇಲೆ ಬರಲಿ. ಒಟ್ಟು 900 ಬೀಜಗಳಿದ್ದರೂ ಎಲ್ಲ ಜಾಗ ತೆರೆಯಲು 441 ಸಾಕು. ಉಳಿದವನ್ನು ಹುಡುಕುತ್ತ ಕೂರುವುದು ಖಂಡಿತ ಬೇಡ.

ಅದೇ ಗೇಮಿನ ಅಡುಗೆಗೆ ಬನ್ನಿ. ಪ್ರತಿ ಸಲ ಚೀಲ ತೆರೆದು, ಐದರವರೆಗೆ ಪದಾರ್ಥಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿಸಿ, ಬಾಣಲೆಗೆ ಹಾಕಬೇಕು. ಹಿಂದೆ ಮಾಡಿದ ಪಾಕವನ್ನು ಗೇಮ್ ನೆನಪಿಟ್ಟುಕೊಳ್ಳುವುದಿಲ್ಲ. ಇದರಿಂದ ಉಳಿದ ಗುಣ ಯಾವುದೂ ಇಲ್ಲ. 2023ರ ಟಿಯರ್ಸ್ ಆಫ್ ದ ಕಿಂಗ್‌ಡಮ್ ಪಾಕಗಳ ಪಟ್ಟಿ ಕೊಟ್ಟಾಗ ಹಳೆಯದರ ಸೊಗಸು ಒಂದಿಷ್ಟೂ ಕುಂದಲಿಲ್ಲ. ಇಂಥದ್ದನ್ನೇ ಕೆಲಸದ ಕೊರತೆ ಎನ್ನುವುದು. ಮಳೆ ಬಂದಾಗ ಬಂಡೆ ಹತ್ತಲಾಗದೆ ಜಾರುವುದು ಇವೆರಡರ ನಡುವಿನದು. ಮಳೆಗೆ ಬೆಂಕಿ ಆರುವುದು, ಹೆಜ್ಜೆ ಸದ್ದು ಅಡಗುವುದು ಚೆನ್ನಾಗಿದೆ. ಆದರೆ ಬಂಡೆಯ ಅರ್ಧಕ್ಕೆ ಸಿಕ್ಕಿಕೊಂಡವರಿಗೆ ಕಾಯುವುದನ್ನು ಬಿಟ್ಟು ಬೇರೆ ದಾರಿ ಅಷ್ಟಾಗಿ ಇಲ್ಲ.

ಡಾರ್ಕ್ ಸೋಲ್ಸ್ (2011) ಆಟವನ್ನು ನಡುವೆ ತಡೆದು ನಿಲ್ಲಿಸಲಾಗದಿರುವುದಕ್ಕೂ ಕಾರಣವಿದೆ. ಬೇರೆ ಆಟಗಾರರು ನಿಮ್ಮ ಲೋಕಕ್ಕೆ ನುಗ್ಗಬಲ್ಲರು, ಮೆನು ತೆರೆದರೂ ಶತ್ರು ನಿಲ್ಲುವುದಿಲ್ಲ. ಹಾಗಾಗಿ ಎಲ್ಲಿ ಉಸಿರು ಬಿಡಬಹುದು ಎಂಬುದೇ ಆಟದ ಭಾಗವಾಗುತ್ತದೆ. ಇದರ ದೊಡ್ಡ ಬಲ ನಕ್ಷೆಯಲ್ಲಿದೆ: ಅನ್‌ಡೆಡ್ ಪ್ಯಾರಿಷ್ ಎಂಬ ಜಾಗದ ತನಕ ಪಡಿಪಾಟಲು ಪಟ್ಟು ಹೋದವರನ್ನು ಅಲ್ಲಿನ ಲಿಫ್ಟ್ ಕೆಳಗಿಳಿಸಿ ಶುರುವಿನ ಫೈರ್‌ಲಿಂಕ್ ಶ್ರೈನ್‌ಗೇ ತಂದು ಬಿಡುತ್ತದೆ. ಲಾರ್ಡ್‌ವೆಸಲ್ ಎಂಬ ವಸ್ತು ಸಿಗುವವರೆಗೆ ಬಾನ್‌ಫೈರ್‌ಗಳ (ವಿಶ್ರಾಂತಿಯ ಬೆಂಕಿಗುಂಡಿಗಳ) ನಡುವೆ ನೆಗೆಯಲು ಬಿಡದಿರುವುದರಿಂದಲೇ ಆ ಲಿಫ್ಟಿಗೆ ಬೆಲೆ. ಕೊರತೆ ಕಾಣುವುದು ದ್ವಿತೀಯಾರ್ಧದಲ್ಲಿ. ಬೆಡ್ ಆಫ್ ಕೇಯಾಸ್ ಎಂಬ ಬಾಸ್ (ದೊಡ್ಡ ಶತ್ರು) ಎದುರು ಅಲ್ಲಿಯವರೆಗೆ ಕಲಿತ ಯಾವುದೂ ಕೆಲಸಕ್ಕೆ ಬಾರದು. ಎಚ್ಚರಿಕೆಯನ್ನೇ ಕೊಡದೆ ಕಾಲ ಕೆಳಗಿನ ನೆಲ ಕುಸಿಯುತ್ತದೆ, ಸತ್ತರೆ ಮತ್ತೆ ಅಷ್ಟು ದೂರ ಓಡಬೇಕು. ಆ ಬಾಸ್‌ನ ಒಡೆದ ಭಾಗ ಮುಂದಿನ ಸಲವೂ ಒಡೆದೇ ಇರುತ್ತದೆ ಎಂಬುದೊಂದೇ ಸಮಾಧಾನ. ಮೊದಲ ಕನ್ಸೋಲ್ ಆವೃತ್ತಿಯಲ್ಲಿ ಬ್ಲೈಟ್‌ಟೌನ್ ಎಂಬ ಜಾಗದಲ್ಲಿ ಚಿತ್ರ ತಡವರಿಸಿದ್ದು ಬರೀ ತಾಂತ್ರಿಕ ಕೊರತೆ. ಈಗ ಆಡುವವರು 2018ರ ರೀಮಾಸ್ಟರ್ಡ್ ಆವೃತ್ತಿಯನ್ನೇ ಹಿಡಿಯಿರಿ.

ವಿಚರ್ 3ರ (2015) ಬಲವೆಲ್ಲ ಬರವಣಿಗೆಯಲ್ಲಿದೆ. ವೆಲೆನ್ ಎಂಬ ಪ್ರದೇಶದಲ್ಲಿ ಮರದ ಬುಡದಲ್ಲಿ ಸೆರೆಯಾದ ಆತ್ಮವನ್ನು ಬಿಡಬೇಕೋ ಕೊಲ್ಲಬೇಕೋ ಎಂಬ ನಿರ್ಧಾರದ ಫಲ ತಕ್ಷಣ ಕಾಣುವುದಿಲ್ಲ, ಬಹಳ ಹೊತ್ತಿನ ಮೇಲೆ ಬೇರೆಲ್ಲೋ ಎದುರಾಗುತ್ತದೆ. ಹಳೆಯ ಸೇವ್ ತೆರೆದು ತಿದ್ದಿಕೊಳ್ಳುವ ಮನಸ್ಸೇ ಆಗದಷ್ಟು ದೂರ ಬಂದಿರುತ್ತೀರಿ. ಹೊಡೆದಾಟದ ಸಡಿಲಕ್ಕೆ ಮಾತ್ರ ಇಂಥ ನೆಪವಿಲ್ಲ. ನಾಯಕ ಗೆರಾಲ್ಟ್ ತಡವಾಗಿ ತಿರುಗುತ್ತಾನೆ ಅನ್ನಿಸಿದರೆ ಆಯ್ಕೆಗಳಲ್ಲಿ ಚಲನೆಯ ಬಗೆಯನ್ನು ‘ಆಲ್ಟರ್ನೇಟಿವ್’ಗೆ ಬದಲಿಸಿ. ಸ್ಕೆಲಿಗೆ ದ್ವೀಪಗಳ ನಕ್ಷೆಯಲ್ಲಿ ಸಮುದ್ರದ ಮೇಲೆ ಕಾಣುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಮುಟ್ಟಲೇಬೇಡಿ. ಹೆಚ್ಚಿನವು ಒಂದೇ ತರಹದ ಕಳ್ಳಸಾಗಣೆ ಪೆಟ್ಟಿಗೆಗಳು.

ಬೇಸಾಯದ ಗೇಮ್ ಸ್ಟಾರ್‌ಡ್ಯೂ ವ್ಯಾಲಿಯ (2016) ಒಂದು ದಿನ ಸುಮಾರು 14 ನಿಮಿಷ, ನಿಮ್ಮ ಗಂಟೆಗೆ ನಾಲ್ಕು ದಿನ. ಪಿಸಿ, ಕನ್ಸೋಲ್‌ಗಳಲ್ಲಿ ಮಲಗಿದಾಗ ಮಾತ್ರ ಸೇವ್ ಆಗುವುದರಿಂದ ಐದನೆಯ ದಿನ ಶುರು ಮಾಡುವ ಮುನ್ನ ಗಡಿಯಾರ ನೋಡಿ. ಮೊದಲ ವಾರದ ಮೀನುಗಾರಿಕೆ ವಿಪರೀತ ಕಷ್ಟ. 25 ಚಿನ್ನಕ್ಕೆ ಸಿಗುವ ಟ್ರೇನಿಂಗ್ ರಾಡ್ ಎಂಬ ಗಾಳದಲ್ಲಿ ಮೀನನ್ನು ಹಿಡಿದಿಡುವ ಹಸಿರು ಪಟ್ಟಿ ದೊಡ್ಡದು, ಆದರೆ ಸಾಧಾರಣ ಮೀನಷ್ಟೇ ಬೀಳುತ್ತದೆ.

ನಿಮಗೆ ಮೊದಲು ಹೇಳುವುದು ನೆಗೆಯುತ್ತ ಬೆಟ್ಟ ಹತ್ತುವ ಗೇಮ್ ಸೆಲೆಸ್ಟ್ (2018). ಸತ್ತರೆ ಅದೇ ಕೋಣೆಯ ಶುರುವಿನಲ್ಲಿ, ಕ್ಷಣದೊಳಗೆ ಮತ್ತೆ ನಿಲ್ಲುತ್ತೀರಿ. ಕಷ್ಟವಿದೆ, ಆದರೆ ಸಮಯ ದಂಡವಾಗುವುದಿಲ್ಲ. ಅಂಚು ದಾಟಿದ ಮೇಲೂ ಸುಮಾರು ಹತ್ತನೇ ಒಂದು ಸೆಕೆಂಡ್ ಹೊತ್ತು ನೆಗೆತಕ್ಕೆ ಅವಕಾಶ ಇಟ್ಟಿದ್ದಾರೆ. ಕಂಟ್ರೋಲ್ ಚೆನ್ನಾಗಿದೆ ಅನ್ನಿಸುವುದರ ಹಿಂದೆ ಇಂಥ ಕಾಣದ ಔದಾರ್ಯ ಬಹಳಷ್ಟಿದೆ. ಡ್ಯಾಶ್ (ಗಾಳಿಯಲ್ಲಿ ಥಟ್ಟನೆ ಮುನ್ನುಗ್ಗುವುದು) ತಪ್ಪು ದಿಕ್ಕಿಗೆ ಹೋಗುತ್ತಿದ್ದರೆ ಸ್ಟಿಕ್ ಬಿಟ್ಟು ಡಿ-ಪ್ಯಾಡ್ (ದಿಕ್ಕಿನ ಬಟನ್‌ಗಳು) ಹಿಡಿಯಿರಿ. ಬೆರಳು ನೋಯುತ್ತಿದ್ದರೆ ಗೋಡೆ ಹಿಡಿಯುವ ಬಟನನ್ನು ‘ಟಾಗಲ್’ ಮಾಡಿ, ಆಗ ಒತ್ತಿಹಿಡಿಯಬೇಕಿಲ್ಲ. ಆಟವನ್ನು ಸುಲಭ ಮಾಡುವ ಅಸಿಸ್ಟ್ ಮೋಡ್‌ನಲ್ಲಿ ವೇಗವನ್ನು ಶೇ. 50ರವರೆಗೆ ಇಳಿಸಬಹುದು, ಅದರಲ್ಲಿ ಸಂಕೋಚಪಡುವಂಥದ್ದು ಏನಿಲ್ಲ.

ಯಾವುದನ್ನೇ ಕೊಂಡರೂ ಮೊದಲ ಎರಡು ಗಂಟೆಯೊಳಗೆ ಪರೀಕ್ಷೆ ಮುಗಿಸಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಟಿವಿಯಲ್ಲಿ ಆಡುವುದಾದರೆ ಮೊದಲು ಗೇಮ್ ಮೋಡ್ ಹಾಕಿ, ಇಲ್ಲವಾದರೆ ಟಿವಿಯ ತಡವನ್ನು ಗೇಮಿನ ತಲೆಗೆ ಕಟ್ಟುತ್ತೀರಿ. ಆಮೇಲೆ ಬೇಕೆಂದೇ ಒಮ್ಮೆ ಸತ್ತು, ಮತ್ತೆ ಆಟ ಕೈಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಆಟದ ನಡುವೆ ಒಮ್ಮೆ ಹೊರಬಂದು ಎಷ್ಟು ಕಳೆದುಹೋಯಿತು ಎಂದೂ ನೋಡಿ.

ಸೆಲೆಸ್ಟ್ ಮುಗಿದ ಮೇಲೆ ಬ್ರೆತ್ ಆಫ್ ದ ವೈಲ್ಡ್‌ಗೆ ಹೋಗಿ. ಡಾರ್ಕ್ ಸೋಲ್ಸ್ ರಜೆ ಸಿಕ್ಕಾಗ ಇರಲಿ. ಅದನ್ನು ಆಡುವಾಗ ನಡುವೆ ಏಳಬೇಕಾಗಿ ಬಂದರೆ ಕನ್ಸೋಲನ್ನು ನೇರವಾಗಿ ಆರಿಸದೆ ಮೆನುವಿನಿಂದಲೇ ಹೊರಬನ್ನಿ. ನಿಂತ ಜಾಗದಿಂದಲೇ ಮತ್ತೆ ಶುರುವಾಗುತ್ತದೆ.