ಮುಖ ಬದಲಾದರೆ ಮನುಷ್ಯ ಬದಲಾದಂತೆಯೇ?

ಪ್ರಶ್ನೆ: ಮುಖ ಕಸಿ ಮಾಡಿಸಿಕೊಂಡವರು ದಾನಿಯಂತೆಯೇ ಕಾಣುತ್ತಾರೆಯೇ? ಸಿನಿಮಾಗಳಲ್ಲಿ ತೋರಿಸುವ ಹಾಗೆ ಇನ್ನೊಬ್ಬರ ಮುಖ ಧರಿಸಿ ಅವರಾಗಿಯೇ ಬದುಕಬಹುದೇ?

ಉತ್ತರ: ಇಲ್ಲ. ಮುಖದ ಆಕಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಚರ್ಮದ ಅಡಿಯಲ್ಲಿರುವ ಮೂಳೆ. ಆದ್ದರಿಂದ ದಾನಿಯ ಚರ್ಮ, ಸ್ನಾಯುಗಳು ರೋಗಿಯ ತಲೆಬುರುಡೆಯ ಮೇಲೆ ಕೂತಾಗ ಸಾಮಾನ್ಯವಾಗಿ ಇಬ್ಬರನ್ನೂ ಪೂರ್ತಿ ಹೋಲದ ಮೂರನೆಯದೊಂದು ಚಹರೆ ಮೂಡುತ್ತದೆ. 1997ರ ‘ಫೇಸ್/ಆಫ್’ ಚಿತ್ರದಲ್ಲಿ ತನಿಖಾಧಿಕಾರಿ ಮತ್ತು ಅಪರಾಧಿಯ ಮುಖಗಳು ಅದಲುಬದಲಾಗುತ್ತವೆ. ಆದರೆ ಧ್ವನಿಗೂ ಮೈಕಟ್ಟಿಗೂ ಬೇರೆ ಏರ್ಪಾಡು ಮಾಡದೆ ಆ ಕಥೆಗಾರರಿಗೂ ವಿಧಿಯಿರಲಿಲ್ಲ!

ಜಗತ್ತಿನ ಮೊದಲ ಭಾಗಶಃ ಮುಖ ಕಸಿ ನಡೆದದ್ದು 2005ರಲ್ಲಿ, ಫ್ರಾನ್ಸಿನ ಅಮಿಯೆನ್ಸ್ ನಗರದಲ್ಲಿ. ನಾಯಿ ಕಚ್ಚಿ ಮೂಗು, ತುಟಿ, ಗಲ್ಲ ಕಳೆದುಕೊಂಡಿದ್ದ ಮಹಿಳೆಗೆ ಆ ಭಾಗಗಳನ್ನು ಜೋಡಿಸಿದ ಮೇಲೆ, ನರಗಳು ನಿಧಾನವಾಗಿ ಬೆಳೆದು ತುಟಿಗಳು ಸರಿಯಾಗಿ ಮುಚ್ಚುವಷ್ಟಾಗಲು ಹಲವು ತಿಂಗಳು ಹಿಡಿದವು. ತುಟಿ ದಾನಿಯದಾದರೂ ಅದನ್ನು ನಗಿಸುವುದು ರೋಗಿಯ ಮೆದುಳು. ಹೀಗಾಗಿ ಆ ನಗೆ ರೋಗಿಯದೇ ಎನ್ನಬೇಕು. ಇಂಥವರು ತಮ್ಮ ಹುಟ್ಟುಮುಖವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಳೆದುಕೊಂಡಿರುತ್ತಾರೆ ಎಂಬುದನ್ನು ಸಿನಿಮಾಗಳು ಮರೆಯುತ್ತವೆ. ಅವರಿಗೆ ಬೇಕಾದದ್ದು ವೇಷಾಂತರವಲ್ಲ, ಉಣ್ಣಲು, ಮಾತಾಡಲು, ಯಾರೂ ತಿರುಗಿ ನೋಡದಂತೆ ಬೀದಿಯಲ್ಲಿ ನಡೆಯಲು ಒಂದು ಮುಖ.

ಕನ್ನಡಿಯಲ್ಲಿ ಕಾಣುವವರು ತಾವೇ ಎಂದು ಒಪ್ಪಿಕೊಳ್ಳಲು ಕಾಲ ಬೇಕು, ನಿಜ. ಆದರೆ ಹೊಸ ಮುಖವನ್ನು ಮೊದಲು ನಿರಾಕರಿಸಲು ಹೊರಡುವುದು ಮನಸ್ಸಿಗಿಂತ ಹೆಚ್ಚಾಗಿ ದೇಹದ ರೋಗನಿರೋಧಕ ವ್ಯವಸ್ಥೆ. ಅದನ್ನು ಹತ್ತಿಕ್ಕುವ ಔಷಧಿಗಳನ್ನು ಜೀವನಪೂರ್ತಿ ಸೇವಿಸಬೇಕು; ಅವು ಸೋಂಕು ಮತ್ತು ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತವೆ. ಇಷ್ಟಾದರೂ ದೇಹ ಕೆಲವೊಮ್ಮೆ ಒಪ್ಪುವುದಿಲ್ಲ: ಪ್ಯಾರಿಸ್ಸಿನಲ್ಲಿ ಮೊದಲ ಕಸಿ ವಿಫಲವಾದ ರೋಗಿಯೊಬ್ಬರಿಗೆ 2018ರಲ್ಲಿ ಎರಡನೆಯ ಬಾರಿ ಮುಖ ಕಸಿ ಮಾಡಬೇಕಾಯಿತು.