ಚಹಾ ಕುದಿಸಿ ಅಂದರೆ ಎಷ್ಟು ಹೊತ್ತು?

ಪ್ರಿಯ ತಂಗಿ,

ಕ್ರಿಸ್‌ಮಸ್ ಪುರವಣಿಗೆಂದು ನೀವು ಕಳಿಸಿದ ಲೇಖನ ಓದಿದೆ. ಚಹಾ ಬೆರೆಸಿದ, ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಕಾಕ್‌ಟೇಲ್, ಹಬ್ಬದ ಬೆಳಗಿನ ಬ್ರಂಚ್‌ಗೆ. ವಿಷಯ ಹೊಸದು. ವಾಕ್ಯಗಳು ಚಿಕ್ಕವು, ಓದಿಸಿಕೊಂಡು ಹೋಗುತ್ತವೆ. ಕಾಗುಣಿತದ ತಪ್ಪು ಒಂದೂ ಇಲ್ಲ. ಇನ್ನು ನೇರವಾಗಿ ಹೇಳುತ್ತೇನೆ, ನಿಮ್ಮ ಲೇಖನ ನನಗೆ ಸಿಟ್ಟು ತರಿಸಿತು.

ಅಡುಗೆ ಪುಟಕ್ಕೆ ಬಂದ ಬರಹವನ್ನು ಮನೆಯಲ್ಲಿ ಮಾಡಿ ನೋಡದೆ ನಾನು ಅಚ್ಚಿಗೆ ಕೊಡುವುದಿಲ್ಲ. ಹೋದ ಭಾನುವಾರ ಟಿಳಕವಾಡಿಯ ನಮ್ಮ ಮನೆಯಲ್ಲಿ, ನಿಮ್ಮ ಹಾಳೆಯನ್ನು ಒಲೆಯ ಪಕ್ಕ ಇಟ್ಟುಕೊಂಡು, ನಾನು ಮತ್ತು ನಮ್ಮ ಮನೆಯವರು ನೀವು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆವು. ಮೊದಲ ಗ್ಲಾಸ್ ಉಕ್ಕಿ ಮೇಜಿನ ಮೇಲೆಲ್ಲಾ ಹರಿಯಿತು. ಒಳಗೆ ಉಳಿದದ್ದರಲ್ಲಿ ಗುಳ್ಳೆಯೇ ಇರಲಿಲ್ಲ. ಬಾಯಿಗಿಟ್ಟರೆ ಬರೀ ಒಗರು. ದುಬಾರಿ ಬಾಟಲಿ ಹಾಗೇ ಹೋಯಿತು. ನಿಮ್ಮನ್ನು ನಂಬಿದ ಯಾರೋ ಒಬ್ಬ ಹೆಣ್ಣುಮಗಳು ಹಬ್ಬದ ದಿನ ಹತ್ತು ಜನ ನೆಂಟರ ಮುಂದೆ ಇದನ್ನೇ ಮಾಡಿದ್ದರೆ? ನನಗೆ ನೋವಾಗಿದ್ದು ಅದನ್ನು ನೆನೆದು.

ನೀವು ಇದನ್ನು ಚೆನ್ನಾಗಿಯೇ ಮಾಡಿದ್ದೀರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ನಿಮ್ಮ ಕೈಗೆ ಗೊತ್ತಿರುವುದು ಹಾಳೆಗೆ ಇಳಿದಿಲ್ಲ. ಎಲ್ಲಿ ಇಳಿದಿಲ್ಲ ಅಂತ ಸಾಲು ಹಿಡಿದು ತೋರಿಸುತ್ತೇನೆ.

‘ಸ್ವಲ್ಪ ಅರ್ಲ್ ಗ್ರೇ ಚಹಾವನ್ನು ಚೆನ್ನಾಗಿ ಕುದಿಸಿ.’

ಇದು ನಿಮ್ಮ ಮೊದಲ ಸಾಲು. ಇದರಲ್ಲಿ ‘ಸ್ವಲ್ಪ’, ‘ಚೆನ್ನಾಗಿ’, ‘ಕುದಿಸಿ’ ಮೂರೂ ನನಗೆ ಬೇಡ. ನಮ್ಮ ಬೆಳಗಾವಿಯಲ್ಲಿ ಚಹಾ ಕುದಿಸಿ ಅಂದರೆ ಏನು ಮಾಡುತ್ತಾರೆ ಹೇಳಿ. ಪುಡಿ, ಸಕ್ಕರೆ, ಹಾಲು, ಜಜ್ಜಿದ ಶುಂಠಿ ಹಾಕುತ್ತಾರೆ. ಉಕ್ಕಿ ಬಂದಾಗ ಉರಿ ಸಣ್ಣ ಮಾಡುತ್ತಾರೆ, ಮತ್ತೆ ಉಕ್ಕಿಸುತ್ತಾರೆ. ನಾವು ದಿನಾ ಹಾಕುವ ಸಿಟಿಸಿ ಪುಡಿ ಅದನ್ನು ತಡೆಯುತ್ತದೆ. ಅದರ ಒಗರನ್ನು ಹಾಲು ಹಿಡಿದುಕೊಳ್ಳುತ್ತದೆ. ಅರ್ಲ್ ಗ್ರೇ ಅಂಥದ್ದಲ್ಲ. ಅದರ ಪರಿಮಳ ಬರ್ಗಮಾಟ್ ಅನ್ನುವ ಹಣ್ಣಿನ ಸಿಪ್ಪೆಯ ಎಣ್ಣೆಯದು. ಅದು ನಿಂಬೆ, ಕಿತ್ತಳೆಯ ಕುಲದ ಹಣ್ಣು, ಇಟಲಿಯ ದಕ್ಷಿಣದ ಕಲಾಬ್ರಿಯಾದಲ್ಲಿ ಬೆಳೆಯುತ್ತಾರೆ. ಕುದಿಸಿದರೆ ಆ ಪರಿಮಳ ಆವಿಯ ಜೊತೆ ಹೋಗಿಬಿಡುತ್ತದೆ. ಎಲೆಯಲ್ಲಿರುವ, ಒಗರು ಕೊಡುವ ಟ್ಯಾನಿನ್ ಮಾತ್ರ ಪೂರ್ತಿ ನೀರಿಗೆ ಇಳಿಯುತ್ತದೆ. ಆ ಒಗರು ಮರೆಮಾಚಲು ವೈನ್‌ನಲ್ಲಿ ಹಾಲೂ ಇಲ್ಲ. ನಮ್ಮ ಮನೆಯವರು ಏಳು ನಿಮಿಷ ಕುದಿಸಿದರು. ತಪ್ಪು ಅವರದಾ? ನೀವು ‘ಚೆನ್ನಾಗಿ’ ಅಂದಿದ್ದಿರಿ.

ಹೀಗೆ ಬರೆಯಬಹುದಿತ್ತು: ‘250 ಮಿಲಿ ನೀರು ಕುದಿಸಿ ಒಲೆ ಆರಿಸಿ. 4 ಟೀ ಚಮಚ ಚಹಾ ಎಲೆ ಹಾಕಿ ಮುಚ್ಚಿ. 4 ನಿಮಿಷ ಬಿಟ್ಟು ಸೋಸಿ. ಎಲೆಯನ್ನು ಹಿಂಡಬೇಡಿ.’ ಪುಟದಲ್ಲಿ ಎರಡು ಸಾಲು ಜಾಸ್ತಿ ಆಗುತ್ತದೆ, ಆಗಲಿ. ಗಡಿಯಾರ ನೋಡುವ ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿಯೂ ಇದೆ. ಅಷ್ಟೇ ಹೊಸ ಎಲೆಯನ್ನು ತಣ್ಣೀರಲ್ಲಿ ಹಾಕಿ ರಾತ್ರಿ ಫ್ರಿಜ್‌ನಲ್ಲಿಟ್ಟರೆ, ಎಂಟು ಹತ್ತು ತಾಸಿನಲ್ಲಿ ಒಗರು ಕಡಿಮೆ ಇರುವ ಚಹಾ ತಯಾರಾಗುತ್ತದೆ.

‘ಸಕ್ಕರೆ ಪಾಕ ಮಾಡಿ ಬೆರೆಸಿ.’

ಪಾಕ ಅಂದ ತಕ್ಷಣ ನಮ್ಮ ಹೆಣ್ಣುಮಕ್ಕಳು ಎರಡು ಬೆರಳ ನಡುವೆ ಎಳೆ ಎಳೆದು ನೋಡುತ್ತಾರೆ. ಉಂಡಿ ಕಟ್ಟುವ ಕೈ ಅದು. ನಿಮಗೆ ಬೇಕಾದದ್ದು ಎಳೆ ಪಾಕ ಅಲ್ಲ. ಬಿಸಿ ಚಹಾದಲ್ಲಿ ಒಂದು ಕಪ್ ಸಕ್ಕರೆ ಕರಗಿದರೆ ಮುಗಿಯಿತು. ಎಳೆ ಬರುವ ಹಾಗೆ ಕಾಯಿಸಿದರೆ ಅದು ತಣ್ಣನೆಯ ವೈನ್‌ನಲ್ಲಿ ಬೆರೆಯದೆ ತಳದಲ್ಲಿ ಕೂರುತ್ತದೆ. ‘ಎಳೆ ಬರುವುದು ಬೇಡ, ಕರಗಿದರೆ ಸಾಕು’ ಅಂತ ಒಂದು ಮಾತು ಸೇರಿಸಬೇಕಿತ್ತು. ಓದುವವರ ಕೈಗೆ ಯಾವ ರೂಢಿ ಇದೆ ಅಂತ ಬರೆಯುವವರಿಗೆ ಗೊತ್ತಿರಬೇಕು, ಅಲ್ವಾ?

‘ನಂತರ ಇದನ್ನು ಶಾಂಪೇನ್‌ಗೆ ಸೇರಿಸಿ ಚೆನ್ನಾಗಿ ಕಲಕಿ.’

ನಂತರ ಅಂದರೆ ಯಾವಾಗ? ಐದು ನಿಮಿಷಕ್ಕೋ, ಮರುದಿನಕ್ಕೋ? ನಾವು ಬೆಚ್ಚಗಿರುವಾಗಲೇ ಸೇರಿಸಿದೆವು. ಗುಳ್ಳೆ ಅಂದರೆ ವೈನ್‌ನಲ್ಲಿ ಕರಗಿರುವ ಗಾಳಿ, ಕಾರ್ಬನ್ ಡೈಆಕ್ಸೈಡ್. ತಣ್ಣಗಿದ್ದರೆ ಅದು ಒಳಗೇ ಇರುತ್ತದೆ, ಬೆಚ್ಚಗಾದರೆ ಓಡಿಹೋಗುತ್ತದೆ. ಬಿಸಿಲಲ್ಲಿಟ್ಟ ಸೋಡಾ ಬಾಟಲಿ ತೆಗೆದವರಿಗೆಲ್ಲ ಇದು ಗೊತ್ತು. ಚಹಾ, ವೈನ್, ಗ್ಲಾಸ್ ಮೂರೂ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಬೇಕು. ಇನ್ನು ‘ಚೆನ್ನಾಗಿ ಕಲಕಿ’. ಕಲಕಿದಷ್ಟೂ ಗುಳ್ಳೆ ಸಾಯುತ್ತದೆ. ಗ್ಲಾಸಿಗೆ ಮೊದಲು 20 ಮಿಲಿ ಚಹಾ ಪಾಕ, 15 ಮಿಲಿ ನಿಂಬೆರಸ. ಆಮೇಲೆ ಗ್ಲಾಸ್ ಓರೆ ಮಾಡಿ, ಅಂಚಿನ ಮೇಲೆ ಹರಿಯುವ ಹಾಗೆ 120 ಮಿಲಿ ವೈನ್. ಚಮಚದಿಂದ ಒಂದೇ ಸುತ್ತು. ಈ ಲೆಕ್ಕದಲ್ಲಿ 750 ಮಿಲಿ ಬಾಟಲಿಗೆ ಆರು ಗ್ಲಾಸ್ ಆಗುತ್ತದೆ, ಅದನ್ನೂ ಬರೆಯಿರಿ. ಹತ್ತು ಜನರನ್ನು ಕರೆದವರಿಗೆ ಎಷ್ಟು ಬಾಟಲಿ ತರಬೇಕು ಅಂತ ಗೊತ್ತಾಗಲಿ.

ಮತ್ತೆ, ನೀವು ಬಳಸಿದ್ದು ನಾಸಿಕದ ಬಾಟಲಿ. ಶಾಂಪೇನ್ ಅನ್ನುವ ಹೆಸರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ವೈನ್‌ಗೆ ಸೇರಿದ್ದು. ಸ್ಪಾರ್ಕ್ಲಿಂಗ್ ವೈನ್ ಅಂತಲೇ ಬರೆಯಿರಿ.

ಈ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ್ದು ಈ ಊರಿನ ಒಂದು ಚಿಕ್ಕ ಅಚ್ಚುಕೂಟದಲ್ಲಿ. ಆಗ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದರು. ಕರಡು ತಿದ್ದುವುದು ನನ್ನ ಕೆಲಸ. ಒಂದು ದೀಪಾವಳಿಗೆ ಪುಟದಲ್ಲಿ ಜಾಗ ಉಳಿಯಿತು. ನಮ್ಮ ಊರಿನ ಹಾಲಿನ ಸಿಹಿ ಕುಂದಾ ಮಾಡುವ ಬಗೆ ಬರೆದುಕೊಡುತ್ತೇನೆ ಅಂತ ನಾನೇ ಹೇಳಿದೆ. ಬೆಳಗಾವಿಯವನಿಗೆ ಕುಂದಾ ಬರೆಯುವುದೇನು ದೊಡ್ಡದು ಅಂತ ಧೈರ್ಯ. ‘ಹಾಲು ಗಟ್ಟಿಯಾಗುವವರೆಗೆ ಕಾಯಿಸಿ, ಮೊಸರು ಹಾಕಿ, ಸಕ್ಕರೆ ಹಾಕಿ, ಕಂದು ಬಣ್ಣ ಬಂದಾಗ ಇಳಿಸಿ’ ಅಂತ ಬರೆದೆ. ನಮ್ಮ ಸಂಪಾದಕರು ಓದಿದರು, ಏನೂ ಅನ್ನಲಿಲ್ಲ. ಮೊಳೆ ಜೋಡಿಸುವವರನ್ನು ಕರೆದು ಕೈಗೆ ಎರಡು ಲೀಟರ್ ಹಾಲಿನ ದುಡ್ಡು ಕೊಟ್ಟರು. ‘ಈ ಚೀಟಿ ನಿಮ್ಮ ಮನೆಯಲ್ಲಿ ಕೊಡು, ಇದರಲ್ಲಿ ಬರೆದಷ್ಟೇ ಮಾಡಲಿ’ ಅಂದರು.

ಮರುದಿನ ಅವರು ಡಬ್ಬಿ ತಂದರು. ತಳ ಹತ್ತಿದ ವಾಸನೆ, ಒಳಗೆ ಹರಳು ಹರಳಾಗಿ ಒಡೆದ ಹಾಲು. ಆ ತಾಯಿ ಮೊಸರನ್ನು ಯಾವಾಗ ಹಾಕಬೇಕು ಅಂತ ತಿಳಿಯದೆ ಮೊದಲೇ ಸುರಿದಿದ್ದರು. ಕೈ ಬಿಡದೆ ತಿರುವಬೇಕು ಅಂತ ನಾನು ಬರೆದೇ ಇರಲಿಲ್ಲ, ನಮ್ಮವ್ವ ತಿರುವುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೆ, ಅಷ್ಟೇ. ಆ ದಿನ ಸಂಜೆ ಮನೆಗೆ ಹೋಗಿ ಅವ್ವನ ಪಕ್ಕ ಗಡಿಯಾರ ಇಟ್ಟುಕೊಂಡು ಕೂತೆ. ಒಂದೂವರೆ ತಾಸಿನ ಮೇಲಾಯಿತು. ಮೊಸರು ಹಾಕಿದ ಹೊತ್ತು, ಸಕ್ಕರೆ ಹಾಕಿದ ಹೊತ್ತು, ಉರಿ ಸಣ್ಣ ಮಾಡಿದ ಹೊತ್ತು, ಎಲ್ಲವನ್ನೂ ಬರೆದುಕೊಂಡೆ. ಎರಡನೇ ಚೀಟಿಯಲ್ಲಿ ಕುಂದಾ ಸರಿ ಬಂತು, ಪುಟವೂ ಅಚ್ಚಾಯಿತು. ಹಾಳಾದ ಆ ಎರಡು ಲೀಟರ್ ಹಾಲು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಆಗ ಹಬ್ಬದ ವಾರದಲ್ಲಿ ಎರಡು ಲೀಟರ್ ಹಾಲು ಸಣ್ಣ ಮಾತಾಗಿರಲಿಲ್ಲ.

ಇನ್ನೊಂದು ಮಾತು. ಇದು ಚಹಾಕ್ಕಿಂತ ಜಾಸ್ತಿ ಕಾಡಿದ್ದು.

ನಿಮ್ಮ ಲೇಖನ ಶುರುವಾಗುವುದು ಹೀಗೆ: ‘ಹೊರಗೆ ಹಿಮ ಬೀಳುತ್ತಿರುವಾಗ, ಬೆಂಕಿಗೂಡಿನ ಮುಂದೆ ಕೂತು…’ ತಂಗಿ, ನಿಮ್ಮ ಮನೆ ಇರುವುದು ನಮ್ಮ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ. ಅಲ್ಲಿ ಎಲ್ಲಿಯ ಹಿಮ? ಎಲ್ಲಿಯ ಬೆಂಕಿಗೂಡು? ಡಿಸೆಂಬರ್ ಬೆಳಗ್ಗೆ ನಮ್ಮ ಊರಲ್ಲಿ ಮಂಜು ಇರುತ್ತದೆ. ಸ್ವೆಟರ್ ಹಾಕಿಕೊಂಡು ಚರ್ಚಿಗೆ ಹೋದವರು ವಾಪಸ್ ಬರುವಾಗ ಅದನ್ನು ತೋಳಿನ ಮೇಲೆ ಹಾಕಿಕೊಂಡಿರುತ್ತಾರೆ. ಪ್ರಾರ್ಥನೆ ಮುಗಿದು, ಎಲ್ಲರ ಕೈ ಕುಲುಕಿ ಮನೆ ಮುಟ್ಟುವಾಗ ಹತ್ತೂವರೆ. ನಾಷ್ಟಾದ ಹೊತ್ತು ಮೀರಿದೆ, ಊಟದ ಹೊತ್ತು ಆಗಿಲ್ಲ. ಬ್ರಂಚ್ ಅಂದರೇನು ಅಂತ ಓದುಗರಿಗೆ ತಿಳಿಸಲು ನೀವು ಅರ್ಧ ಪುಟ ಖರ್ಚು ಮಾಡಿದ್ದೀರಿ. ಆ ಹತ್ತೂವರೆಯನ್ನು ಬರೆದಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು.

ಲೇಖನದ ಜೊತೆಗಿದ್ದ ಪತ್ರದಲ್ಲಿ ಮಾತ್ರ ನೀವು ಸುಮ್ನೆ ಎರಡು ಸಾಲು ಬರೆದಿದ್ದೀರಿ. ಹೋದ ವರ್ಷ ನಿಮ್ಮ ಅಜ್ಜಿ ವೈನ್ ಬೇಡ ಅಂದರು, ಅವರ ಗ್ಲಾಸಿಗೆ ಅದೇ ಚಹಾ ಪಾಕ ಹಾಕಿ ಸೋಡಾ ತುಂಬಿಸಿದಿರಿ. ಅವರು ಮೂಗಿನ ಹತ್ತಿರ ಹಿಡಿದು, ‘ಇದು ಚಾ ಹೌದಲ್ಲ? ಮತ್ತ ಇಷ್ಟ ತಣ್ಣಗ ಯಾಕೈತಿ?’ ಅಂದರು. ಪೂರ್ತಿ ಕುಡಿದು ಇನ್ನೊಂದು ಗ್ಲಾಸ್ ಕೇಳಿದರು. ಇದನ್ನು ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆ ಮನೆ, ಆ ಮುದುಕಿ, ಆ ಗ್ಲಾಸ್ ಕಣ್ಣಿಗೆ ಕಂಡವು. ಇದನ್ನು ಲೇಖನದಿಂದ ಯಾಕೆ ಬಿಟ್ಟಿರಿ? ಕಾಕ್‌ಟೇಲ್ ಅಂದರೆ ಬೇರೆ ದೇಶದ್ದು, ಅದಕ್ಕೆ ಬೇರೆ ದೇಶದ ಹವೆಯೇ ಬೇಕು ಅಂದುಕೊಂಡಿರಾ? ವೈನ್ ನಾಸಿಕದ್ದಾಗಲಿ, ಬರ್ಗಮಾಟ್ ಇಟಲಿಯದಾಗಲಿ, ಬೆರೆತದ್ದು ಕ್ಯಾಂಪಿನ ನಿಮ್ಮ ಅಡುಗೆಮನೆಯಲ್ಲಿ. ಕುಡಿಯದವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದಾರೆ. ಅವರೆಲ್ಲ ಆ ಸೋಡಾ ಗ್ಲಾಸಿಗಾಗಿ ನಿಮ್ಮ ಲೇಖನ ಓದುತ್ತಾರೆ.

ಚೀಸ್ ತಟ್ಟೆ, ಗ್ಲಾಸಿನ ಅಲಂಕಾರದ ಭಾಗಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬಾಟಲಿ ತೆರೆಯುವ ಸಾಲು ಮಾತ್ರ ತೆಗೆದುಬಿಡಿ. ‘ಅಲುಗಾಡಿಸಿ ಟಪ್ ಅನ್ನಿಸಿ’ ಅಂತ ಬರೆದರೆ ಯಾರದೋ ಕಣ್ಣು ಹೋದೀತು. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಜಾಸ್ತಿ. ಕಾರ್ಕನ್ನು ಬಟ್ಟೆಯಿಂದ ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ನಿಧಾನ ತಿರುಗಿಸಬೇಕು.

ಪುಟ ಕಟ್ಟುವುದು ಡಿಸೆಂಬರ್ 15ಕ್ಕೆ. 10ರ ಒಳಗೆ ತಿದ್ದಿ ಕಳಿಸಿ. ಕಳಿಸುವ ಮೊದಲು ಆ ಹಾಳೆಯನ್ನು ಅಕ್ಕಪಕ್ಕದ ಯಾರಾದರೂ ಒಬ್ಬರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ, ಅವರು ಮಾಡುವುದನ್ನು ನೋಡುತ್ತಾ ನಿಂತುಕೊಳ್ಳಿ. ಅಜ್ಜಿಯ ಗ್ಲಾಸಿಗೆ ಎಷ್ಟು ಮಿಲಿ ಸೋಡಾ ಹಾಕಿದಿರಿ ಅನ್ನುವುದನ್ನು ಮರೆಯದೆ ಬರೆಯಿರಿ.

ನಿಮ್ಮ,
ಸಂಪಾದಕ