ಕಂಪ್ಯೂಟರ್ ಹುಚ್ಚನ್ನೇ ಕೆಲಸ ಮಾಡಿಕೊಂಡರೆ ಆಸೆ ಉಳಿಯುತ್ತಾ?

ನೀವು ಕೇಳಿದ್ದು ಇಷ್ಟು: ಹೊಳಲ್ಕೆರೆಯಲ್ಲಿ ಬಿ.ಕಾಂ ಕೊನೇ ವರ್ಷ. ಸಂಜೆ ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ, ರಾತ್ರಿ ಮನೆಯಲ್ಲಿ ಪೈಥಾನ್ ಪ್ರೋಗ್ರಾಮಿಂಗ್. ಬೆಂಗಳೂರಿಗೆ ಹೋಗುವ ಹಾಗಿಲ್ಲ. ಕಂಪ್ಯೂಟರನ್ನೇ ಕೆಲಸ ಮಾಡಿಕೊಂಡರೆ ಅದರ ಮೇಲಿನ ಪ್ರೀತಿ ಹೋಗಿಬಿಡುತ್ತೆ, ಸುಮ್ನೆ ಹವ್ಯಾಸವಾಗಿ ಇಟ್ಟುಕೋ ಅಂತ ಗೆಳೆಯರು ಹೇಳುತ್ತಿದ್ದಾರೆ. ಏನು ಮಾಡಲಿ?

ನಾನು ದಾವಣಗೆರೆಯವನು. 1997ರವರೆಗೆ ನಮ್ಮೂರೂ ನಿಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಪಕ್ಕದ ಬೀದಿಯವನು ಹೇಳಿದ ಹಾಗೆ ಕೇಳಿ. ನಾನೂ ಬಿ.ಕಾಂ ಓದಿದವನೇ. ಇಂಜಿನಿಯರಿಂಗ್ ಕಾಲೇಜುಗಳು ಊರಲ್ಲೇ ಇದ್ದವು, ನನಗೆ ಸೀಟು ಸಿಗಲಿಲ್ಲ. ಹನ್ನೆರಡು ವರ್ಷದಿಂದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ಕೆಲಸಕ್ಕೆ ಸೇರಿದ್ದು ಲೆಕ್ಕ ಬರೆಯಲು. ಈಗ ಅಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ನನ್ನದೇ.

ಅದು ಹೇಗಾಯಿತು ಅಂತ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಒಂದು ವರ್ಷ ಸೆಪ್ಟೆಂಬರಿನಲ್ಲಿ ಮಹಾಸಭೆಗೆ ಮುಂಚೆ ಸದಸ್ಯರ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆವು. ಎರಡು ಸಾವಿರಕ್ಕೂ ಜಾಸ್ತಿ ಹೆಸರು. ಹಳ್ಳಿಯಿಂದ ಬಂದ ಒಬ್ಬ ಅಜ್ಜ ಕನ್ನಡಕ ಏರಿಸಿಕೊಂಡು ಮುಕ್ಕಾಲು ಗಂಟೆ ಹುಡುಕಿದರು. ಕೊನೆಗೆ ನನ್ನ ಟೇಬಲ್ ಹತ್ತಿರ ಬಂದು, "ಯಾಕ್ ತಮ್ಮಾ, ನನ್ನ ಹೆಸ್ರು ಹೊಡೆದು ಹಾಕೀರೇನು?" ಅಂತ ಕೇಳಿದರು. ದನಿ ನಡುಗುತ್ತಿತ್ತು. ಹೆಸರು ಇತ್ತು. ಆದರೆ ಪಟ್ಟಿ ಅಕಾರಾದಿಯಲ್ಲಿ ಇರಲಿಲ್ಲ. ಎಕ್ಸೆಲ್‌ನಲ್ಲಿ ಸಾರ್ಟ್ ಕೊಟ್ಟರೆ ಹೆಸರುಗಳು ದಿಕ್ಕಾಪಾಲಾಗುತ್ತಿದ್ದವು. ಯಾಕೆ ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಫೈಲ್ ತೆರೆದು ಕೂತೆ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಬರೆದ ಫೈಲಿನ ಒಳಗೆ ಕನ್ನಡವೇ ಇರುವುದಿಲ್ಲ. ‘ಕ’ ಅಂತ ನಮಗೆ ಕಾಣುವ ಕಡೆ ಒಳಗಿರುವುದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಇರುವ ಎ. ಪಿ ಜಾಗದಲ್ಲಿ ಫಾಂಟು ‘ಕ’ದ ಒಡಲನ್ನು ಬರೆಯುತ್ತದೆ, ಎ ಜಾಗದಲ್ಲಿ ತಲೆಕಟ್ಟನ್ನು. ಎಕ್ಸೆಲ್‌ಗೆ ಕಾಣುವುದು ಆ ಪಿ, ಎಗಳು ಮಾತ್ರ. ಅದು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಜೋಡಿಸುತ್ತಿತ್ತು. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅನ್ನುವ ಪದ್ಧತಿಯಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಹೆಚ್ಚು ಕಮ್ಮಿ ನಮ್ಮ ವರ್ಣಮಾಲೆಯ ಸಾಲಿನಲ್ಲೇ. (ಕೆಲವು ಜಾಗ ಬದಲಾಗಿವೆ, ‘ಳ’ ಕೊನೆಗೆ ಬರದೆ ‘ಲ’ದ ಪಕ್ಕ ಕೂತಿದೆ.)

ಹಳೇ ಫೈಲನ್ನು ಯೂನಿಕೋಡಿಗೆ ಬದಲಾಯಿಸುವ ಪ್ರೋಗ್ರಾಮುಗಳು ಆಗಲೇ ಇದ್ದವು. ಆದರೂ ನಾನೇ ಬರೆದು ನೋಡಬೇಕು ಅನಿಸಿತು. ಪೈಥಾನ್ ಕಲಿಯಲು ಶುರು ಮಾಡಿ ಮೂರು ತಿಂಗಳಾಗಿತ್ತು. ಇದಕ್ಕೆ ಅದು ಅಂತ ಒಂದು ಕೋಷ್ಟಕ ಮಾಡಿ, ಒಂದಾದ ಮೇಲೊಂದು ಬದಲಿಸುತ್ತಾ ಹೋದೆ. ಓಡಿಸಿದರೆ ಊರಲ್ಲಿರುವ ಮಹೇಶಪ್ಪಗಳೆಲ್ಲ ‘ವುಹೇಶಪ್ಪ’ ಆಗಿದ್ದರು! ಹಳೇ ಫಾಂಟಿನಲ್ಲಿ ‘ಮ’ ಅನ್ನುವುದು ‘ವ’ ಮತ್ತು ಅದರ ಮುಂದೆ ಒಂದು ಕೊಂಬು. ನಾನು ‘ವ’ವನ್ನು ಮೊದಲು ಬದಲಿಸಿದ್ದರಿಂದ ಕೊಂಬು ಒಂಟಿಯಾಗಿ ಉಳಿದು, ‘ವು’ ಆಗಿತ್ತು. ಉದ್ದದ ಜೋಡಣೆಗಳನ್ನು ಮೊದಲು ಹಿಡಿಯಬೇಕು, ಚಿಕ್ಕವನ್ನು ಆಮೇಲೆ. ಅದು ತಿಳಿಯಲು ಎರಡು ರಾತ್ರಿ ಹಿಡಿಯಿತು.

ಆಮೇಲೆ ಅರ್ಕಾವೊತ್ತು. ನಿಮ್ಮ ಚಿತ್ರದುರ್ಗ ‘ಚಿತ್ರದುಗರ್’ ಆಗಿತ್ತು, ಕರ್ನಾಟಕ ‘ಕನಾರ್ಟಕ’. ಇಂಥ ಕನಾರ್ಟಕವನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ. ಬರೆಯುವಾಗ ನಾವು ‘ಗ’ ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತೇವೆ. ಹೇಳುವಾಗ ‘ರ್’ ಮೊದಲು, ‘ಗ’ ಆಮೇಲೆ. ಹಳೇ ಫಾಂಟು ಕೈ ಬರೆಯುವ ಸಾಲಿನಲ್ಲಿ ಇಡುತ್ತದೆ, ಯೂನಿಕೋಡ್ ಬಾಯಿ ಹೇಳುವ ಸಾಲಿನಲ್ಲಿ. ಅದು ಹೊಳೆದಾಗ ರಾತ್ರಿ ಒಂದೂವರೆ ಗಂಟೆ. ಅಷ್ಟು ವರ್ಷ ಬರೆದ ನನ್ನದೇ ಭಾಷೆಯನ್ನು ಮೊದಲ ಸಲ ಹತ್ತಿರದಿಂದ ನೋಡಿದ ಹಾಗಾಯಿತು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಎದ್ದು ಕೂತು ಪೂರ್ತಿ ಕೇಳಿದಳು. ಆ ಖುಷಿಗೆ ಸಂಬಳ ಯಾರು ಕೊಡುತ್ತಾರೆ ಹೇಳಿ?

ಒಂದು ತಪ್ಪೂ ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಪ್ರೋಗ್ರಾಮನ್ನು ಅಸಲಿ ಫೈಲಿನ ಮೇಲೇ ಓಡಿಸಿ ಸೇವ್ ಕೊಟ್ಟೆ, ಫೈಲ್ ಕೆಟ್ಟುಹೋಯಿತು. ಪೆನ್‌ಡ್ರೈವಿನಲ್ಲಿದ್ದ ನಕಲು ಎರಡು ವಾರ ಹಳೆಯದು. ಆಮೇಲೆ ಸೇರಿದ ಅರವತ್ತು ಚಿಲ್ಲರೆ ಸದಸ್ಯರನ್ನು ಭಾನುವಾರ ಆಫೀಸಿಗೆ ಹೋಗಿ ಅರ್ಜಿ ನೋಡಿಕೊಂಡು ಮತ್ತೆ ಹೊಡೆದೆ.

ಮುಂದಿನ ವರ್ಷ ಪಟ್ಟಿ ಅಕಾರಾದಿಯಲ್ಲಿ ಬಂತು. ಆ ಅಜ್ಜ ಬಂದವರೇ ಗೋಡೆ ಹತ್ತಿರ ನಿಂತು, ಬೆರಳಿಟ್ಟು ತಮ್ಮ ಹೆಸರು ತೋರಿಸಿದರು.

ಗೆಳೆಯರು ಹೇಳಿದ್ದರಲ್ಲೂ ನಿಜ ಇದೆ, ಅದನ್ನೂ ಹೇಳಬೇಕು. ಸುದ್ದಿ ಹಬ್ಬಿದ ಮೇಲೆ ಪಾಸ್‌ಬುಕ್ ಪ್ರಿಂಟರ್ ಸಿಕ್ಕಿಹಾಕಿಕೊಂಡರೂ ನಾನೇ, ಪಾಸ್‌ವರ್ಡ್ ಮರೆತರೂ ನಾನೇ. ನೆಂಟರ ಮದುವೆಗೆ ಹೋದರೆ ಅಲ್ಲೊಂದು ಲ್ಯಾಪ್‌ಟಾಪ್ ಕಾಯುತ್ತಿರುತ್ತಿತ್ತು. ಆರು ತಿಂಗಳು ನಾನು ಮನೆಯಲ್ಲಿ ಕಂಪ್ಯೂಟರ್ ಆನ್ ಮಾಡಲಿಲ್ಲ. ಬೇಜಾರಲ್ಲ, ಒಂಥರಾ ಭಯವೇ ಆಯಿತು. ಪ್ರೀತಿ ಸತ್ತೇಹೋಯಿತಾ ಅಂತ.

ಸತ್ತಿರಲಿಲ್ಲ. ಸಂಬಳ ಬಂದದ್ದರಿಂದ ಹಾಗಾದದ್ದೂ ಅಲ್ಲ. ಬೇರೆಯವರ ಪ್ರಶ್ನೆಗಳೇ ತುಂಬಿಕೊಂಡು, ನನ್ನದು ಅನ್ನುವ ಪ್ರಶ್ನೆ ಒಂದೂ ಉಳಿದಿರಲಿಲ್ಲ. ಅಷ್ಟೇ ಆಗಿದ್ದು. ನಮ್ಮ ಅಣ್ಣನ ಹೊಲ ಜಗಳೂರಿನ ಕಡೆ. ಮೆಕ್ಕೆಜೋಳ ಹಾಕಿ ಆಕಾಶ ನೋಡುವ ಸೀಮೆ. "ಪ್ಯಾಟ್ಯಾಗ ಮಳಿ ಬಂದ್ರೆ ನಮ್ಮ ಹೊಲದಾಗ ಬಂದಂಗೇನು?" ಅಂತ ಒಮ್ಮೆ ಅಂದ. ಅದು ತಲೆಯಲ್ಲಿ ಕೂತಿತು. ಹೊಲದಲ್ಲೇ ಮಳೆ ಅಳೆಯುವ ಒಂದು ಸಾಧನ ಮಾಡಲು ಹೊರಟೆ. 20 ಸೆಂಟಿಮೀಟರ್ ಅಗಲದ ಆಲಿಕೆ, ಕೆಳಗೆ ತುಂಬಿದಾಗ ತಾನೇ ಮಗುಚುವ ಪುಟ್ಟ ಬಟ್ಟಲು, ಒಂದು ಮ್ಯಾಗ್ನೆಟ್, ಆರ್ಡುಯಿನೋ ಅನ್ನುವ, ಪ್ರೋಗ್ರಾಮ್ ಹಾಕಬಹುದಾದ ಒಂದು ಪುಟ್ಟ ಬೋರ್ಡು. ಆ ಅಗಲಕ್ಕೆ 1 ಮಿಲಿಮೀಟರ್ ಮಳೆ ಅಂದರೆ 31 ಮಿಲಿಲೀಟರ್ ಚಿಲ್ಲರೆ ನೀರು. ಬಟ್ಟಲು ಎಷ್ಟು ಸಲ ಮಗುಚಿತು ಅಂತ ಬೋರ್ಡು ಎಣಿಸುತ್ತದೆ. ಇದನ್ನು ಮಾಡಿಕೊಡು ಅಂತ ಯಾರೂ ನನ್ನನ್ನು ಕೇಳಿರಲಿಲ್ಲ, ಯಾವಾಗ ಮುಗಿಯುತ್ತೆ ಅಂತಲೂ ಯಾರೂ ಕೇಳುವುದಿಲ್ಲ. ಈಗಲೂ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಅದರದ್ದೇ.

ಹಾಗಾಗಿ ನನ್ನ ಉತ್ತರ: ಕೆಲಸ ಮಾಡಿಕೊಳ್ಳಿ, ಹೆದರಬೇಡಿ. ಬೆಂಗಳೂರು ಬೇಕೇ ಬೇಕು ಅಂತೇನಿಲ್ಲ. ನೀವು ಕೂರುವ ಆಡಿಟರ್ ಆಫೀಸಿನಲ್ಲೇ ಲೆಕ್ಕವೂ ಗೊತ್ತಿದ್ದು ಪ್ರೋಗ್ರಾಮೂ ಬರೆಯಬಲ್ಲವರು ಎಷ್ಟು ಜನ ಇದ್ದಾರೆ ನೋಡಿ. ಬಹುಶಃ ನೀವೊಬ್ಬರೇ. ಆದರೆ ಮನೆಯಲ್ಲಿ ಮಾಡುವ ಒಂದನ್ನು ಮಾತ್ರ ಯಾರಿಗೂ ಒಪ್ಪಿಸಬೇಡಿ. ಫ್ರೀಯಾಗಿ ರಿಪೇರಿ ಮಾಡಿಕೊಡು ಅಂತ ಬರುವವರಿಗೆ ವಾರಕ್ಕೆ ಒಂದು ದಿನ ಗೊತ್ತು ಮಾಡಿ. ನನ್ನದು ಶನಿವಾರ ಸಂಜೆ.

ಶುರು ಎಲ್ಲಿಂದ ಅಂದರೆ, ನಿಮ್ಮ ಆಫೀಸಿನಲ್ಲಿ ಹಳೇ ನುಡಿಯಲ್ಲಿ ಬರೆದ ಗ್ರಾಹಕರ ಪಟ್ಟಿ ಇದ್ದೇ ಇರುತ್ತದೆ. ಸಾಹೇಬರನ್ನು ಕೇಳಿ ಒಂದು ಪ್ರತಿ ತಗೊಳ್ಳಿ, ಅಸಲಿ ಮುಟ್ಟಬೇಡಿ. ಈಚೆಗೆ ಮೊಬೈಲಿನಲ್ಲಿ ಹೊಡೆದು ಸೇರಿಸಿದ ಹೆಸರುಗಳಿದ್ದರೆ ಅವನ್ನೂ ನೋಡಿ. ಅರ್ಕಾವೊತ್ತಿನ ಜಾಗದಲ್ಲಿ ಕೆಲವರು ಕನ್ನಡದ ಒಂಬತ್ತನ್ನು (೯) ಹಾಕಿರುತ್ತಾರೆ. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ‘ಮ’ದಲ್ಲೋ ಅರ್ಕಾವೊತ್ತಿನಲ್ಲೋ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೆಳಗೆ ಬರೆಯಿರಿ, ನನ್ನ ಕೋಷ್ಟಕ ಕೊಡುತ್ತೇನೆ. ಮೊದಲು ಒಂದೆರಡು ರಾತ್ರಿ ನೀವೇ ಪ್ರಯತ್ನ ಮಾಡಿ.